ಗುಣಮಟ್ಟ: ‘ಯಾರು’ ಎಂಬ ಪ್ರಶ್ನೆಯಿಂದ ‘ಏಕೆ’ ಎಂಬ ಪ್ರಶ್ನೆಗೆ

ಗುಣಮಟ್ಟವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಮುದ್ರೆ. ಕುಕ್ಕರಿನ ಮೇಲೆ ಐಎಸ್‌ಐ ಗುರುತು, ತುಪ್ಪದ ಡಬ್ಬಿಯ ಮೇಲೆ ಆಗ್‌ಮಾರ್ಕ್, ಚಿನ್ನದ ಬಳೆಯ ಒಳಮೈಯಲ್ಲಿ ಹಾಲ್‌ಮಾರ್ಕ್. ಮುದ್ರೆಯಿದ್ದರೆ ನಂಬುತ್ತೇವೆ, ಇಲ್ಲದಿದ್ದರೆ ಅನುಮಾನಿಸುತ್ತೇವೆ. ಆದರೆ ಮುದ್ರೆ ಬೀಳುವುದು ವಸ್ತು ಸಿದ್ಧವಾದ ಮೇಲೆ. ಅದರ ಒಳಿತು ಕೆಡುಕುಗಳೆಲ್ಲ ಅದಕ್ಕೆ ಎಷ್ಟೋ ಮೊದಲೇ, ಯಾರದೋ ಕೈಯಲ್ಲಿ, ಯಾವುದೋ ಯಂತ್ರದ ಮುಂದೆ ನಿರ್ಧಾರವಾಗಿರುತ್ತವೆ. ಈ ಸರಳ ಸತ್ಯವನ್ನು ಉದ್ಯಮಲೋಕ ಮನಗಾಣಲು ಇಪ್ಪತ್ತನೆಯ ಶತಮಾನದ ಬಹುಭಾಗ ಹಿಡಿಯಿತು. ಹಾಗೆ ಮನಗಂಡು ಕಟ್ಟಿದ ವಿಚಾರಪದ್ಧತಿಗೆ ‘ಸಮಗ್ರ ಗುಣಮಟ್ಟ ನಿರ್ವಹಣೆ’ ಎಂದು ಹೆಸರು. ಕಾರ್ಖಾನೆಗಳ ಒಳಗೆ ಅದನ್ನು ಟಿಕ್ಯೂಎಂ ಎಂದು ಚುಟುಕಾಗಿ ಕರೆಯುತ್ತಾರೆ.

ವಕೀಲನಿಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ಕಾರಣಗಳು ಎರಡು. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಅನ್ನ ಅರಸಿ ಹೋಗುವುದು ಹೊಸೂರಿನಂಥ ಊರುಗಳ ಕಾರ್ಖಾನೆಗಳಿಗೆ. ಅಲ್ಲಿ ಅವರ ಕಿವಿಗೆ ಮೊದಲ ದಿನವೇ ಬೀಳುವ ಮಾತು ಇದು. ಇನ್ನೊಂದು ಕಾರಣ, ನ್ಯಾಯಾಲಯ ಪ್ರತಿದಿನ ಕೇಳುವ ‘ತಪ್ಪು ಯಾರದು?’ ಎಂಬ ಪ್ರಶ್ನೆಯನ್ನು ಈ ವಿಚಾರಪದ್ಧತಿ ಬೇರೆ ಬಗೆಯಲ್ಲಿ ಕೇಳುತ್ತದೆ. ಆ ವ್ಯತ್ಯಾಸದ ಮೇಲೆ ಒಬ್ಬ ಸಾಮಾನ್ಯ ಕಾರ್ಮಿಕನ ಕೆಲಸವೂ ಮಾನವೂ ನಿಂತಿರುತ್ತವೆ.

ಒಂದಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ತಾಯಂದಿರು ಪಾತ್ರೆಯ ಅಷ್ಟೂ ಅಗುಳನ್ನು ಹಿಚುಕುವುದಿಲ್ಲ. ಒಂದಗುಳು ಸಾಕು. ಇದೇ ತಿಳಿವನ್ನು ಗಣಿತಕ್ಕೆ ಒಗ್ಗಿಸಿದವರು ಅಮೆರಿಕದ ಟೆಲಿಫೋನ್ ಉದ್ಯಮದಲ್ಲಿದ್ದ ವಾಲ್ಟರ್ ಶೂಹಾರ್ಟ್. 1924ರ ಮೇ ತಿಂಗಳಲ್ಲಿ ಅವರು ತಮ್ಮ ಮೇಲಧಿಕಾರಿಗೆ ಒಂದು ಪುಟ್ಟ ಟಿಪ್ಪಣಿಯನ್ನೂ ಜೊತೆಗೊಂದು ರೇಖಾಚಿತ್ರವನ್ನೂ ಕಳುಹಿಸಿದರು. ಇಂದಿಗೂ ಕಾರ್ಖಾನೆಗಳ ಗೋಡೆಯ ಮೇಲೆ ಕಾಣುವ ‘ನಿಯಂತ್ರಣ ನಕ್ಷೆ’ ಹುಟ್ಟಿದ್ದು ಹೀಗೆ.

ಶೂಹಾರ್ಟ್ ಕಂಡುಕೊಂಡದ್ದು ಇಷ್ಟು: ಒಂದೇ ಯಂತ್ರ, ಒಂದೇ ಕೈ, ಒಂದೇ ಕಚ್ಚಾವಸ್ತುವಿನಿಂದ ಮಾಡಿದ ಎರಡು ವಸ್ತುಗಳೂ ಒಂದೇ ಸಮನಾಗಿರುವುದಿಲ್ಲ. ಸಹಿಯ ತಕರಾರುಗಳನ್ನು ನಡೆಸಿದ ಪ್ರತಿಯೊಬ್ಬ ವಕೀಲನಿಗೂ ಇದು ಗೊತ್ತು. ಒಬ್ಬನೇ ಮನುಷ್ಯ ಒಂದೇ ಕುಳಿತಿನಲ್ಲಿ ಹತ್ತು ಸಹಿ ಹಾಕಿದರೂ ಹತ್ತರಲ್ಲೂ ಸಣ್ಣ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದು ಸಹಜವಾದ ಏರಿಳಿತ. ಕೈಗೆ ಪೆಟ್ಟಾದ ದಿನ ಹಾಕಿದ ಸಹಿ ಆ ಏರಿಳಿತದ ಮೇರೆಯನ್ನೂ ದಾಟುತ್ತದೆ. ಅದಕ್ಕೊಂದು ವಿಶೇಷ ಕಾರಣವಿರುತ್ತದೆ. ಸಹಜ ಏರಿಳಿತವನ್ನೂ ವಿಶೇಷ ಕಾರಣವನ್ನೂ ಬೇರೆಬೇರೆಯಾಗಿ ಗುರುತಿಸದೆ ಯಾರನ್ನೂ ಹೊಗಳಬಾರದು, ಯಾರನ್ನೂ ದಂಡಿಸಬಾರದು. ಗುಣಮಟ್ಟದ ಶಾಸ್ತ್ರದ ತಳಪಾಯ ಈ ವಿವೇಕ.

ಶೂಹಾರ್ಟರ ವಿಚಾರವನ್ನು ಜಗತ್ತಿಗೆ ಹರಡಿದವರು ವಿಲಿಯಂ ಎಡ್ವರ್ಡ್ಸ್ ಡೆಮಿಂಗ್. 1900ರಲ್ಲಿ ಹುಟ್ಟಿ 1993ರವರೆಗೆ ಬಾಳಿದ ಈ ಸಂಖ್ಯಾಶಾಸ್ತ್ರಜ್ಞ, ಜಪಾನಿ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟದ ಆಹ್ವಾನದ ಮೇರೆಗೆ 1950ರಲ್ಲಿ ಜಪಾನಿನಲ್ಲಿ ಉಪನ್ಯಾಸ ಮಾಲೆಯನ್ನು ನಡೆಸಿದರು. ಯುದ್ಧದಲ್ಲಿ ಸೋತು ಐದು ವರ್ಷವಷ್ಟೇ ಆಗಿತ್ತು. ಜಪಾನಿ ಸರಕೆಂದರೆ ಅಗ್ಗದ ಕಳಪೆ ಮಾಲೆಂದು ಜಗತ್ತು ಮೂಗು ಮುರಿಯುತ್ತಿದ್ದ ಕಾಲ. ಡೆಮಿಂಗ್ ಎಂಜಿನಿಯರುಗಳಿಗೆ ಪಾಠ ಹೇಳಿ ಸುಮ್ಮನಾಗಲಿಲ್ಲ. ಕಂಪನಿಗಳ ಮುಖ್ಯಸ್ಥರನ್ನೂ ಎದುರಿಗೆ ಕೂರಿಸಿಕೊಂಡು, ಗುಣಮಟ್ಟದ ಹೊಣೆ ಮೊದಲು ಅವರದೆಂದು ತಿಳಿಹೇಳಿದರು. ಉಪನ್ಯಾಸಗಳ ಪುಸ್ತಕದಿಂದ ಬಂದ ಗೌರವಧನವನ್ನು ಅವರು ಒಕ್ಕೂಟಕ್ಕೇ ಬಿಟ್ಟುಕೊಟ್ಟರು. ಆ ಹಣದಿಂದ 1951ರಲ್ಲಿ ‘ಡೆಮಿಂಗ್ ಪ್ರಶಸ್ತಿ’ ಆರಂಭವಾಯಿತು. ಅವರ ತಾಯ್ನಾಡಾದ ಅಮೆರಿಕದ ಜನಸಾಮಾನ್ಯರಿಗೆ ಅವರು ಪರಿಚಯವಾದದ್ದು 1980ರಲ್ಲಿ, ಒಂದು ದೂರದರ್ಶನ ಕಾರ್ಯಕ್ರಮದಿಂದ. ಆಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು.

ಭಾರತಕ್ಕೆ ಈ ವಿದ್ಯೆ ತಡವಾಗಿ ಬಂದಿತೆಂದು ತಿಳಿಯಬೇಕಾಗಿಲ್ಲ. ಪಿ. ಸಿ. ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿಯೇ ಇಲ್ಲಿಗೆ ಬಂದಿದ್ದರು. ಬೀಜ ಬಿದ್ದಿತ್ತು, ಮೊಳಕೆ ಮರವಾಗಲು ಅರ್ಧ ಶತಮಾನ ಬೇಕಾಯಿತು.

‘ಸಮಗ್ರ’ ಎಂಬ ಪದದ ತೂಕ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ವಸ್ತುಗಳೆಲ್ಲ ತಯಾರಾದ ಮೇಲೆ ಕಡೆಯ ಬಾಗಿಲಲ್ಲಿ ನಿಂತು ಕೆಟ್ಟದ್ದನ್ನು ಆರಿಸಿ ಎಸೆಯುವ ತಪಾಸಣೆ ಇದೇ ಬಗೆಯದು. ಎಸೆದ ವಸ್ತುವಿನಲ್ಲಿ ಲೋಹ, ವಿದ್ಯುತ್ತು, ಮನುಷ್ಯನ ಬೆವರು ಎಲ್ಲವೂ ಸೇರಿಹೋಗಿರುತ್ತವೆ. ಎಸೆದದ್ದರ ಬೆಲೆಯನ್ನೂ ಒಳ್ಳೆಯ ವಸ್ತುವನ್ನು ಕೊಂಡವನೇ ತೆರುತ್ತಾನೆ.

ಆದ್ದರಿಂದ ಗುಣಮಟ್ಟ ಒಂದು ವಿಭಾಗದ ಕೆಲಸವಲ್ಲ, ಸಂಸ್ಥೆಯ ಎಲ್ಲರ ಕೆಲಸ ಎಂಬ ವಾದ ಬಂತು. ಅಮೆರಿಕದ ಆರ್ಮಾಂಡ್ ಫೀಗನ್‌ಬಾಮ್ ಇದನ್ನು ಕ್ರಮಬದ್ಧವಾಗಿ ಮಂಡಿಸಿದರು. ನಕ್ಷೆ ಬರೆಯುವವನು, ಕಚ್ಚಾವಸ್ತು ಕೊಳ್ಳುವವನು, ಯಂತ್ರ ನಡೆಸುವವನು, ಮಾರುವವನು, ದುರಸ್ತಿ ಮಾಡುವವನು ಎಲ್ಲರೂ ಅದರಲ್ಲಿ ಪಾಲುಗಾರರು. ಖರೀದಿ ವಿಭಾಗ ಬೆಲೆಯೊಂದನ್ನೇ ನೋಡಿ ಕಡಿಮೆ ದರದ ರಬ್ಬರ್ ತರಿಸಿತು ಎನ್ನಿ. ಅದರ ಲೆಕ್ಕದಲ್ಲಿ ಉಳಿತಾಯ. ಆ ರಬ್ಬರು ಅಚ್ಚಿನಲ್ಲಿ ಸರಿಯಾಗಿ ಕೂರದೆ ಉತ್ಪಾದನಾ ವಿಭಾಗ ಪರದಾಡುತ್ತದೆ. ಬೇಗ ಸವೆದು ಗ್ರಾಹಕ ಶಪಿಸುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಕಥೆ. ಜಪಾನಿನ ಕಾವೊರು ಇಶಿಕಾವಾ ಇದಕ್ಕೊಂದು ಸುಲಭ ಸೂತ್ರ ಕೊಟ್ಟರು: ನಿನ್ನ ಕೈಯಿಂದ ಕೆಲಸವನ್ನು ಮುಂದಕ್ಕೆ ಪಡೆಯುವವನೇ ನಿನ್ನ ಗ್ರಾಹಕ. ಹೀಗೆ ನೋಡಿದರೆ ಅಂಗಡಿಯಲ್ಲಿ ಕೊಳ್ಳುವವನು ಕೊನೆಯ ಗ್ರಾಹಕನಷ್ಟೆ. ಅವನಿಗೆ ಮೊದಲು ಕಾರ್ಖಾನೆಯ ಒಳಗೇ ನೂರು ಮಂದಿ ಗ್ರಾಹಕರಿದ್ದಾರೆ.

ಕೆಂಪು ಮಣಿಗಳ ಪಾಠ

ಡೆಮಿಂಗ್ ತಮ್ಮ ಉಪನ್ಯಾಸಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯೊಂದರಲ್ಲಿ ಸಾವಿರಾರು ಮಣಿಗಳು. ಐದರಲ್ಲಿ ನಾಲ್ಕು ಬಿಳಿ, ಒಂದು ಕೆಂಪು. ಬಿಳಿಯದು ಒಳ್ಳೆಯ ಮಾಲು, ಕೆಂಪು ದೋಷದ ಮಾಲು. ಸಭಿಕರಲ್ಲಿ ಆರು ಮಂದಿಯನ್ನು ‘ಕಾರ್ಮಿಕ’ರಾಗಿ ಕರೆದು, ಐವತ್ತು ಕುಳಿಗಳಿರುವ ಹಲಗೆಯನ್ನು ಮಣಿಗಳಲ್ಲಿ ಅದ್ದಿ ಎತ್ತಲು ಹೇಳುತ್ತಿದ್ದರು. ಕೆಂಪು ಮಣಿ ಬರಬಾರದೆಂದು ಕಟ್ಟಪ್ಪಣೆ. ಕಡಿಮೆ ಕೆಂಪು ಬಂದವನಿಗೆ ಬಹುಮಾನ, ಹೆಚ್ಚು ಬಂದವನಿಗೆ ಎಚ್ಚರಿಕೆ. ನಡುವೆ ಹುರಿದುಂಬಿಸುವ ಘೋಷಣೆಗಳು. ಮರುಸುತ್ತಿನಲ್ಲಿ ಬಹುಮಾನ ಪಡೆದವನ ಹಲಗೆಯಲ್ಲೇ ಕೆಂಪು ಹೆಚ್ಚಾಗಿರುತ್ತಿತ್ತು. ಕೊನೆಗೆ ‘ಕಳಪೆ’ ಕಾರ್ಮಿಕರನ್ನು ಕೆಲಸದಿಂದ ತೆಗೆಯಲಾಗುತ್ತಿತ್ತು.

ಸಭೆ ನಗುತ್ತಿತ್ತು, ನಕ್ಕು ಮುಗಿದ ಮೇಲೆ ಮೌನವಾಗುತ್ತಿತ್ತು. ಪೆಟ್ಟಿಗೆಯಲ್ಲಿ ಐದಕ್ಕೊಂದು ಕೆಂಪು ಮಣಿ ಇರುವ ತನಕ ಹಲಗೆ ಹಿಡಿದವನು ಏನು ಮಾಡಬಲ್ಲ? ಮಣಿಗಳನ್ನು ಕೊಂಡವನು ಅವನಲ್ಲ, ಪೆಟ್ಟಿಗೆಗೆ ಸುರಿದವನೂ ಅವನಲ್ಲ. ಬೈಗುಳವೂ ಬಹುಮಾನವೂ ಅವನ ತಲೆಯ ಮೇಲೆ ಬೀಳುವುದಾದರೂ ಕಾರಣ ಅವನ ಕೈಗೆಟುಕದ ಜಾಗದಲ್ಲಿದೆ. ಉದ್ಯಮಗಳ ತೊಂದರೆಗಳಲ್ಲಿ ಶೇಕಡ 94ರಷ್ಟು ವ್ಯವಸ್ಥೆಯವು, ಅವುಗಳ ಹೊಣೆ ಆಡಳಿತದ್ದು ಎಂಬುದು ಡೆಮಿಂಗ್ ಅವರ ಅನುಭವದ ಅಂದಾಜು. ಅವರ ಪ್ರಸಿದ್ಧ ಹದಿನಾಲ್ಕು ಸೂತ್ರಗಳಲ್ಲಿ ಗೋಡೆಯ ಘೋಷಣೆಗಳನ್ನು ತೆಗೆದುಹಾಕಿ ಎಂಬುದೂ ಒಂದು, ಕೆಲಸದ ಜಾಗದಿಂದ ಭಯವನ್ನು ಹೊರಗಟ್ಟಿ ಎಂಬುದೂ ಒಂದು. ಅವು ಕರುಣೆಯಿಂದ ಹುಟ್ಟಿದ ಮಾತುಗಳೆನ್ನುವುದಕ್ಕಿಂತ ಲೆಕ್ಕದಿಂದ ಹುಟ್ಟಿದ ಮಾತುಗಳೆನ್ನುವುದು ಸರಿ. ಹೆದರಿದವನು ದೋಷವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ದೋಷ ಗ್ರಾಹಕನ ಮನೆಯಲ್ಲಿ ತೆರೆದುಕೊಳ್ಳುತ್ತದೆ.

ಎಳೆ ಕಡಿದಾಗ ನಿಲ್ಲುವ ಮಗ್ಗ

ಸೊಲ್ಲಾಪುರದ ನೇಕಾರ ಬಂಧುಗಳಿಗೆ ಈ ಮಾತು ಬೇಗ ಅರ್ಥವಾದೀತು. ಟೊಯೋಟಾ ಕಾರಿನ ಮೂಲ ಪುರುಷ ಸಕಿಚಿ ಟೊಯೋಡಾ ಮಗ್ಗಗಳನ್ನು ರೂಪಿಸಿದ ಕುಶಲಿ. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗದಲ್ಲಿ ಎಳೆಯೊಂದು ಕಡಿದರೆ ಯಂತ್ರ ತಾನಾಗಿಯೇ ನಿಂತುಬಿಡುತ್ತಿತ್ತು. ನಿಲ್ಲದ ಮಗ್ಗ ಗಜಗಟ್ಟಲೆ ಕೆಟ್ಟ ಬಟ್ಟೆಯನ್ನು ನೇಯುತ್ತದೆ. ನಿಂತ ಮಗ್ಗ ಒಂದು ಎಳೆಯಷ್ಟೇ ನಷ್ಟ ಮಾಡುತ್ತದೆ. ಆ ತತ್ತ್ವವೇ ಮುಂದೆ ಟೊಯೋಟಾ ಕಾರ್ಖಾನೆಗೆ ಬಂತು. ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಮೇಲ್ವಿಚಾರಕನನ್ನು ಕರೆಯಬಹುದು. ದೋಷ ತಕ್ಷಣ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಕೆಲಸ ನಿಲ್ಲಿಸಿದವನಿಗೆ ಗದರಿಕೆಯ ಬದಲು ನೆರವು ಬರಬೇಕು. ಬಳಿಕ ‘ಏಕೆ’ ಎಂಬ ಪ್ರಶ್ನೆಯನ್ನು ಐದು ಬಾರಿ ಕೇಳುವ ರೂಢಿಯನ್ನು ಅಲ್ಲಿಯ ತಾಯಿಚಿ ಓನೊ ಬೆಳೆಸಿದರು.

ನಮ್ಮ ಕಡೆಯ ಕಾರ್ಖಾನೆಯೊಂದನ್ನು ಊಹಿಸಿಕೊಂಡು ಆ ಐದು ಪ್ರಶ್ನೆಗಳನ್ನು ಕೇಳಿ ನೋಡೋಣ. ಬಂಡಿಯೊಂದರ ಬೋಲ್ಟು ಸಡಿಲವಾಗಿತ್ತು. ಏಕೆ? ಬಿಗಿ ಮಾಡುವ ಉಪಕರಣದ ಅಳತೆ ಹಳೆಯ ಮಾದರಿಯದೇ ಇತ್ತು. ಏಕೆ? ಮಾದರಿ ಬದಲಾದಾಗ ಅಳತೆಯನ್ನೂ ಬದಲಿಸಬೇಕೆಂಬುದು ಆ ಪಾಳಿಯ ಹುಡುಗನಿಗೆ ತಿಳಿದಿರಲಿಲ್ಲ. ಏಕೆ? ಸೂಚನೆಯ ಹಾಳೆ ಅವನಿಗೆ ಸರಿಯಾಗಿ ಓದಲು ಬಾರದ ಇಂಗ್ಲಿಷಿನಲ್ಲಿತ್ತು. ಅವನೇಕೆ ಕೇಳಲಿಲ್ಲ? ಹಿಂದೊಮ್ಮೆ ಕೇಳಿದವನನ್ನು ‘ಇಷ್ಟೂ ಗೊತ್ತಿಲ್ಲವೇ’ ಎಂದು ಎಲ್ಲರೆದುರು ಹೀಗಳೆದಿದ್ದರು. ಏಕೆ ಹೀಗಳೆದರು? ಪಾಳಿಯ ಪುಸ್ತಕದಲ್ಲಿ ಬರೆಯುತ್ತಿದ್ದುದು ತಯಾರಾದ ಬಂಡಿಗಳ ಎಣಿಕೆಯನ್ನು ಮಾತ್ರ. ಪ್ರಶ್ನೆ ಕೇಳಲು ಹಿಡಿದ ಐದು ನಿಮಿಷ ಅಲ್ಲಿ ನಷ್ಟದ ಲೆಕ್ಕಕ್ಕೆ ಸೇರುತ್ತಿತ್ತು.

ಮೊದಲ ‘ಏಕೆ’ಗೇ ನಿಂತಿದ್ದರೆ ಹುಡುಗನ ಅಜಾಗರೂಕತೆ ಎಂದು ಷರಾ ಬರೆದು ಮುಗಿಸುತ್ತಿದ್ದರು. ಕಾರಣ ಕೇಳುವ ನೋಟೀಸು, ವಿಚಾರಣೆ, ಕೆಲಸದಿಂದ ಬಿಡುಗಡೆ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಹಾಳೆ ಮಾತ್ರ ಗೋಡೆಯ ಮೇಲೆ ಇದ್ದಂತೆಯೇ ಇರುತ್ತಿತ್ತು.

ರಾಮಚಂದ್ರಾಪುರದಿಂದ ಹೊಸೂರಿಗೆ

ಕೆಲಸ ಮಾಡುವವರೇ ಸಣ್ಣ ಗುಂಪಾಗಿ ಕುಳಿತು ತಮ್ಮ ಕೆಲಸದ ತೊಡಕುಗಳನ್ನು ಚರ್ಚಿಸಿ ಪರಿಹಾರ ಹುಡುಕುವ ‘ಗುಣಮಟ್ಟ ವೃತ್ತ’ಗಳು ಜಪಾನಿನಲ್ಲಿ 1962ರಲ್ಲಿ ಆರಂಭವಾದವು. ಇಶಿಕಾವಾ ಅವುಗಳ ಪ್ರವರ್ತಕರು. ಭಾರತದಲ್ಲಿ ಅವುಗಳಿಗೆ ನಾಂದಿ ಹಾಡಿದ್ದು 1980ರಲ್ಲಿ, ಹೈದರಾಬಾದಿನ ಬಳಿಯ ರಾಮಚಂದ್ರಾಪುರದ ಬಿಎಚ್‌ಇಎಲ್ ಕಾರ್ಖಾನೆ. ಮುಂದಾಳು ಎಸ್. ಆರ್. ಉಡುಪ. ಎರಡು ವರ್ಷಗಳ ಬಳಿಕ ಭಾರತದ ಗುಣಮಟ್ಟ ವೃತ್ತಗಳ ವೇದಿಕೆ ಸ್ಥಾಪನೆಯಾಯಿತು. ಸರಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರನೂ ವೆಲ್ಡರನೂ ಮೇಜಿನ ಸುತ್ತ ಕುಳಿತು ಮೀನಿನ ಮುಳ್ಳಿನಾಕಾರದ ನಕ್ಷೆ ಬರೆದು ಕಾರಣಗಳನ್ನು ಹುಡುಕತೊಡಗಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ನಮ್ಮ ಹೊಸೂರಿನ ಪಾಲೂ ಹೆಮ್ಮೆಪಡುವಂಥದು. ಡೆಮಿಂಗ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯ ಸಂಸ್ಥೆ ಸುಂದರಂ ಕ್ಲೇಟನ್. 1998ರಲ್ಲಿ ಅದರ ಬ್ರೇಕ್ ವಿಭಾಗಕ್ಕೆ ಆ ಮನ್ನಣೆ ಸಂದಿತು. ಅದೇ ಬಳಗದ, ಹೊಸೂರಿನಲ್ಲಿ ಕಾರ್ಖಾನೆಯಿರುವ ಟಿವಿಎಸ್ ಮೋಟರ್ 2002ರಲ್ಲಿ ಪ್ರಶಸ್ತಿ ಪಡೆಯಿತು. 2017ರಲ್ಲಿ ಅಶೋಕ್ ಲೇಲ್ಯಾಂಡಿನ ಹೊಸೂರು ಎರಡನೆಯ ಘಟಕಕ್ಕೂ ಅದು ಬಂತು. ಕನ್ನಡ, ತೆಲುಗು, ತಮಿಳು ಮೂರೂ ಬೆರೆತು ನಡೆಯುವ ಈ ಊರಿನ ಕೈಗಳು ಜಗತ್ತಿನ ಎತ್ತರದ ಅಳತೆಗೋಲಿಗೆ ಸಾಟಿಯೆಂದು ಇದರಿಂದ ತಿಳಿಯುತ್ತದೆ.

ಕಾನೂನು ಕೇಳುವುದು, ಗುಣಮಟ್ಟ ಕೇಳುವುದು

ಕಾನೂನಿಗೆ ‘ಯಾರು’ ಎಂಬ ಪ್ರಶ್ನೆಯನ್ನು ಬಿಡಲು ಬರುವುದಿಲ್ಲ. ನೊಂದವನಿಗೆ ಪರಿಹಾರ ಕೊಡಿಸಬೇಕಾದರೆ ಕೊಡಬೇಕಾದವನನ್ನು ಹುಡುಕಲೇಬೇಕು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಹೆಣ್ಣುಮಗಳೊಬ್ಬಳು ಶುಂಠಿಯ ಪಾನೀಯ ಕುಡಿದಳು. ಆ ಸೀಸೆಯೊಳಗೆ ಕೊಳೆತ ಬಸವನಹುಳು ಇತ್ತೆಂಬುದು ಆಕೆಯ ದೂರು. ಹಣ ಕೊಟ್ಟು ಕೊಂಡವಳು ಆಕೆಯ ಗೆಳತಿಯಾದ್ದರಿಂದ ತಯಾರಕನಿಗೂ ಆಕೆಗೂ ಯಾವ ಕರಾರೂ ಇರಲಿಲ್ಲ. ಆದರೂ ತಯಾರಕನಿಗೆ ಆಕೆಯ ಬಗ್ಗೆ ಎಚ್ಚರದ ಕರ್ತವ್ಯವಿದೆ ಎಂದು 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಡೊನಹ್ಯೂ ಮತ್ತು ಸ್ಟೀವನ್‌ಸನ್ ನಡುವಿನ ಈ ಮೊಕದ್ದಮೆಯನ್ನು ಓದದ ಕಾನೂನು ವಿದ್ಯಾರ್ಥಿಯಿಲ್ಲ.

ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಉತ್ಪನ್ನ ಹೊಣೆಗಾರಿಕೆ’ಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷಗಳ ಜೊತೆಗೆ, ಬಳಸುವ ಬಗೆಗೆ ಸಾಕಷ್ಟು ಸೂಚನೆ ಕೊಡದಿರುವುದು ಕೂಡ ತಯಾರಕನನ್ನು ಹೊಣೆಯಾಗಿಸುತ್ತದೆ. ಎಂದರೆ ಕಾನೂನಿನ ಕಣ್ಣಿನಲ್ಲಿ ಸೂಚನೆಯೂ ವಸ್ತುವಿನ ಒಂದು ಅಂಗ. ಕೊಳ್ಳುವವನಿಗೆ ಅರ್ಥವಾಗುವ ಸೂಚನೆ ಅಷ್ಟು ಮುಖ್ಯವಾದರೆ, ತಯಾರಿಸುವವನಿಗೆ ಅರ್ಥವಾಗುವ ಸೂಚನೆ ಮುಖ್ಯವಲ್ಲವೇ?

ಗಡಿಯಾಚೆಗಿನ ಕನ್ನಡಿಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ, ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಎಲ್ಲರಿಗೆ ಕಾಣುವಂತೆ ಹಚ್ಚಬೇಕೆಂದು 1946ರ ಕಾಯ್ದೆ ವಿಧಿಸಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 108ನೆಯ ಕಲಮು ಸೂಚನಾ ಫಲಕಗಳ ಬಗೆಗೆ ಇದನ್ನೇ ಹೇಳಿತ್ತು. ಈ ಕಾಯ್ದೆಗಳ ಸ್ಥಾನಕ್ಕೆ 2020ರಲ್ಲಿ ಸಂಸತ್ತು ಹೊಸ ಸಂಹಿತೆಗಳನ್ನು ಅಂಗೀಕರಿಸಿತು. ಮುಕ್ಕಾಲು ಶತಮಾನದ ಹಿಂದೆಯೇ ಶಾಸನಕರ್ತರಿಗೆ ಭಾಷೆಯ ಮಹತ್ವ ಹೊಳೆದಿತ್ತೆಂಬುದು ಸಂತೋಷದ ಮಾತು. ಆದರೆ ಆ ಕಾಯ್ದೆಗಳು ‘ಬಹುಪಾಲು’ ಕಾರ್ಮಿಕರಿಗೆ ತಿಳಿದರೆ ಸಾಕೆಂದು ತೃಪ್ತಿಪಟ್ಟವು. ಗುಣಮಟ್ಟಕ್ಕೆ ಆ ತೃಪ್ತಿ ಸಾಲದು. ನೂರರಲ್ಲಿ ತೊಂಬತ್ತು ಮಂದಿಗೆ ಸೂಚನೆ ಅರ್ಥವಾಗಿ ಹತ್ತು ಮಂದಿಗೆ ಅರ್ಥವಾಗದಿದ್ದರೆ ಬೋಲ್ಟು ಸಡಿಲವಾಗುವುದು ಆ ಹತ್ತು ಮಂದಿಯ ಕೈಯಲ್ಲಿಯೇ. ಎಂದೂ ಎಲ್ಲೂ ಅಲ್ಪಸಂಖ್ಯಾತರಾಗಿಯೇ ಇರುವ ನಮಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ತಮಿಳು ಬಾರದೆ ಕನ್ನಡವೂ ಬಾರದೆ ಉತ್ತರದಿಂದ ಕೆಲಸಕ್ಕೆ ಬಂದ ಹುಡುಗನ ಪಾಡೂ ಇದೇ ಎಂಬುದನ್ನು ನಾವು ಮರೆಯಬಾರದು. ಅವನಿಗೆ ಅರ್ಥವಾಗುವಂತೆ ಚಿತ್ರ ಬರೆದು, ಮಾಡಿ ತೋರಿಸಿ ಕಲಿಸುವುದು ಔದಾರ್ಯದ ಮಾತಲ್ಲ. ಆ ಬಂಡಿಯನ್ನು ಏರುವವರ ಜೀವದ ಪ್ರಶ್ನೆ.

ಪ್ರಶಸ್ತಿಯ ಆಚೆ

ಒಮ್ಮೆ ಪಡೆದ ಕೀರ್ತಿ ಶಾಶ್ವತವೂ ಅಲ್ಲ. ಈ ತತ್ತ್ವಗಳ ತವರುಮನೆಯಾದ ಟೊಯೋಟಾ ಕೂಡ 2009–10ರಲ್ಲಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಕಂಪನಿ ತೀರ ವೇಗವಾಗಿ ಬೆಳೆದುದರಿಂದ ಆದ್ಯತೆಗಳು ಗೊಂದಲಕ್ಕೊಳಗಾದವೆಂದು ಒಪ್ಪಿಕೊಂಡರು. 2017ರಲ್ಲಿ ಜಪಾನಿನ ಕೋಬೆ ಸ್ಟೀಲ್ ಸಂಸ್ಥೆ ತನ್ನ ಲೋಹಗಳ ಪರೀಕ್ಷಾ ಅಂಕಿಅಂಶಗಳನ್ನು ತಿದ್ದಿದ್ದಾಗಿ ಬಹಿರಂಗಪಡಿಸಿತು. ಸಂಖ್ಯೆ ತಲುಪಲೇಬೇಕೆಂಬ ಒತ್ತಡ ಮೇಲಿನಿಂದ ಬಂದು, ಆಗುವುದಿಲ್ಲವೆಂದು ಹೇಳುವ ಧೈರ್ಯ ಕೆಳಗಿನವರಿಗೆ ಇಲ್ಲವಾದಾಗ ಕಾಗದ ಚೆನ್ನಾಗಿರುತ್ತದೆ, ವಸ್ತು ಕೆಡುತ್ತದೆ. ಐಎಸ್‌ಒ 9001 ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ ಮಾತ್ರಕ್ಕೆ ಗುಣಮಟ್ಟ ನೆಲೆಗೊಳ್ಳುವುದಿಲ್ಲ.

ಮನೆ, ಶಾಲೆ, ಮೊದಲ ಉದ್ಯೋಗ

ಈ ಪತ್ರಿಕೆಯನ್ನು ಓದುವ ತಂದೆತಾಯಿಗಳಿಗೆ ಇದರಲ್ಲಿ ಏನಿದೆ? ಪರೀಕ್ಷೆಯೂ ಕಡೆಯ ಬಾಗಿಲ ತಪಾಸಣೆಯೇ. ಮಗು ಗಣಿತದಲ್ಲಿ ಸೋತರೆ ‘ದಡ್ಡ’ ಎಂಬ ಒಂದೇ ಮಾತಿನಿಂದ ನಾವು ವಿಚಾರಣೆ ಮುಗಿಸುತ್ತೇವೆ. ಏಕೆಂದು ಐದು ಬಾರಿ ಕೇಳಿದರೆ ಪುಸ್ತಕ ತಡವಾಗಿ ಬಂದುದೋ, ಕನ್ನಡ ಬಲ್ಲ ಗಣಿತದ ಶಿಕ್ಷಕರ ಹುದ್ದೆ ಖಾಲಿ ಬಿದ್ದುದೋ, ಮೂರು ವರ್ಷದ ಹಿಂದೆಯೇ ಭಿನ್ನರಾಶಿ ಅರ್ಥವಾಗದೆ ಉಳಿದುದೋ ಹೊರಬರಬಹುದು. ಸರಕಾರಿ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಸಹಿ ಹಾಕಿ ಚಹಾ ಕುಡಿದು ಬರುವ ಬದಲು ಅಲ್ಲಿ ಕುಳಿತು ಈ ‘ಏಕೆ’ಗಳನ್ನು ಕೇಳಿದರೆ ಆ ಸಮಿತಿಯೂ ಒಂದು ಗುಣಮಟ್ಟ ವೃತ್ತವಾದೀತು.

ಕೆಲಸಕ್ಕೆ ಸೇರಲು ಹೊರಟ ಮಗನಿಗೆ, ಮಗಳಿಗೆ ನಾವು ಸಾಮಾನ್ಯವಾಗಿ ಹೇಳಿ ಕಳುಹಿಸುವುದು ‘ತಲೆ ತಗ್ಗಿಸಿ ಕೆಲಸ ಮಾಡು, ಎದುರು ಮಾತಾಡಬೇಡ’ ಎಂದು. ಅದರಲ್ಲಿ ಪ್ರೀತಿಯಿದೆ, ಅನುಭವವೂ ಇದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ ಕಳುಹಿಸೋಣ: ಅರ್ಥವಾಗದ ಹಾಳೆಗೆ ಸಹಿ ಹಾಕಬೇಡ, ಅರ್ಥವಾಗಲಿಲ್ಲವೆಂದು ಹೇಳಲು ನಾಚಬೇಡ, ಎಳೆ ಕಡಿದದ್ದು ಕಂಡರೆ ಮಗ್ಗ ನಿಲ್ಲಿಸು. ಹಾಗೆ ನಿಲ್ಲಿಸಿದವನನ್ನು ಗದರಿಸದೆ ‘ಏಕೆ ನಿಲ್ಲಿಸಿದೆ, ತೋರಿಸು’ ಎಂದು ಕೇಳುವ ಮೇಲ್ವಿಚಾರಕ ಅಲ್ಲಿದ್ದರೆ, ಆ ಸಂಸ್ಥೆಯಲ್ಲಿ ಗುಣಮಟ್ಟವಿದೆಯೆಂದು ನಂಬಬಹುದು. ಗೋಡೆಯ ಮೇಲಿನ ಪ್ರಶಸ್ತಿಗಳನ್ನು ಆಮೇಲೆ ಎಣಿಸಿದರಾಯಿತು.